ತೊಂಬತ್ತರ ಅಜ್ಜಿಗೆ ಹುಟ್ಟುಹಬ್ಬ: ಹೊರನಾಡಿನ ಕನ್ನಡ ಕೂಟಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ತೊಂಬತ್ತು ತುಂಬಿದವರನ್ನು ‘ನೀನು’ ಅಂತ ಮಾತಾಡಿಸುವವರು ಹೆಚ್ಚಾಗಿ ಯಾರೂ ಉಳಿದಿರುವುದಿಲ್ಲ. ಅಪ್ಪ ಅಮ್ಮ ಹೋಗಿ ಎಷ್ಟೋ ಕಾಲವಾಗಿರುತ್ತದೆ. ಅಣ್ಣ, ಅಕ್ಕ ಇಲ್ಲ. ಗಂಡನೋ ಹೆಂಡತಿಯೋ ಇಲ್ಲ. ಸುತ್ತ ಇರುವವರಿಗೆಲ್ಲ ಅವರು ಅಜ್ಜಿ, ತಾತ, ಆಂಟಿ, ಅಂಕಲ್. ಎಲ್ಲರ ಬಾಯಲ್ಲೂ ‘ನೀವು’. ಊರು ಬಿಟ್ಟು ಐವತ್ತು ವರ್ಷ ಅಮೆರಿಕದಲ್ಲಿ ಕಳೆದವರಿಗಂತೂ ಈ ಒಂಟಿತನ ಇನ್ನೂ ಜಾಸ್ತಿ. ಅವರು ಲಂಗ ಹಾಕಿಕೊಂಡು ಓಡಾಡಿದ್ದನ್ನು ಕಂಡವರು ಈ ಖಂಡದಲ್ಲೇ ಇರುವುದಿಲ್ಲ.

ನಮ್ಮ ಕನ್ನಡ ಕೂಟದಲ್ಲಿ ಇಂಥ ಆರೇಳು ಹುಟ್ಟುಹಬ್ಬಗಳಿಗೆ ನಾನು ಓಡಾಡಿದ್ದೇನೆ. ಶಾಲು, ಹಾರ, ಫಲಕ ಎಲ್ಲವನ್ನೂ ಮಾಡಿದ್ದೇವೆ. ಆದರೆ ಒಬ್ಬ ಅಜ್ಜಿಯ 90ನೇ ಹುಟ್ಟುಹಬ್ಬದ ಬೆಳಿಗ್ಗೆ, ಅವರ ಮನೆಯ ಸೋಫಾ ಮೇಲೆ, ಟ್ಯಾಬ್ಲೆಟ್ ತೆರೆಯಲ್ಲಿ ಹೊಳೆನರಸೀಪುರದ ಬಾಲ್ಯದ ಗೆಳತಿ ಕಾಣಿಸಿಕೊಂಡರು. “ಏನೇ ಪುಟ್ಟೀ, ಇದ್ದೀಯೇನೇ ಇನ್ನೂ!” ಅಂದರು. ಅಜ್ಜಿ ಒಂದು ಕ್ಷಣ ಸುಮ್ಮನಿದ್ದು, “ಇದ್ದೀನಿ ಕಣೇ. ನಿನ್ನ ಹಲ್ಲೆಲ್ಲ ಎಲ್ಲಿ ಹೋದ್ವೇ?” ಅಂದರು. ಆಮೇಲೆ ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಸಂಜೆಯ ಹಾರ, ಭಾಷಣ ಯಾವುದೂ ಅವರ ಮುಖದಲ್ಲಿ ಆ ನಗು ತರಲಿಲ್ಲ. ಅವತ್ತಿನಿಂದ ನಾನು ಯಾವ ಹಿರಿಯರ ಹುಟ್ಟುಹಬ್ಬಕ್ಕೆ ಕೈ ಹಾಕಿದರೂ ಮೊದಲು ಹುಡುಕುವುದು ಹಾಲ್ ಅನ್ನಲ್ಲ, ಅವರನ್ನು ‘ನೀನು’ ಅನ್ನುವ ಒಬ್ಬರನ್ನು.

ಈ ಮಾತು ಈಗಲೇ ಬರೆಯಲು ಕಾರಣವಿದೆ. 1946ರ ಕಾನೂನಿನ ಪ್ರಕಾರ ಅಮೆರಿಕಕ್ಕೆ ಭಾರತದಿಂದ ವರ್ಷಕ್ಕೆ ಬರೀ 100 ಜನ ವಲಸೆ ಬರಬಹುದಿತ್ತು. 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಹೊಸ ವಲಸೆ ಕಾನೂನಿಗೆ ಸಹಿ ಹಾಕಿದ ಮೇಲೆ ಬಾಗಿಲು ತೆರೆಯಿತು. ಡಾಕ್ಟರು, ಎಂಜಿನಿಯರು, ವಿಜ್ಞಾನಿಗಳು ಬಂದರು. ಆಗ ಇಪ್ಪತ್ತೈದು, ಮೂವತ್ತರಲ್ಲಿದ್ದವರು ಈಗ ಎಂಬತ್ತು, ತೊಂಬತ್ತರಲ್ಲಿ ಇದ್ದಾರೆ. ನಮ್ಮ ಕೂಟಗಳನ್ನು ಕಟ್ಟಿದವರು ಅವರೇ. ಅವರ ದೊಡ್ಡ ಹುಟ್ಟುಹಬ್ಬಗಳು ಬರುತ್ತಿರುವ ಕಾಲ ಇದು.

ತಯಾರಿಗೆ ನಾಲ್ಕು ತಿಂಗಳು ಬೇಕು. ಎರಡು ತಿಂಗಳಲ್ಲೂ ಆಗುತ್ತದೆ, ಆದರೆ ಆಗ ಹಾಲ್, ಊಟ ಮಾತ್ರ ಆಗುತ್ತದೆ. ಜನರನ್ನು ಹುಡುಕುವುದು, ಕಥೆ ಕೇಳುವುದು ಆಗುವುದಿಲ್ಲ.

ಹಂತ 1: ಅವರನ್ನೇ ಕೇಳಿ

ಸರ್ಪ್ರೈಸ್ ಪಾರ್ಟಿ ಬೇಡ. ಈ ವಯಸ್ಸಿನಲ್ಲಿ ಕತ್ತಲ ಕೋಣೆಯಲ್ಲಿ ನೂರು ಜನ ಒಮ್ಮೆಲೇ ಕೂಗಿದರೆ ಸಂತೋಷಕ್ಕಿಂತ ಗಾಬರಿ ಜಾಸ್ತಿ. ಅದೂ ಅಲ್ಲದೆ, ನಮ್ಮ ಅಜ್ಜಿಯರಿಗೆ ಯಾವ ಸೀರೆ ಉಡಬೇಕು ಅಂತ ಯೋಚಿಸುವುದೇ ಅರ್ಧ ಹಬ್ಬ. ಅದನ್ನು ಕಿತ್ತುಕೊಳ್ಳಬಾರದು.

ಮಕ್ಕಳ ಹತ್ತಿರ ಮಾತಾಡಿ, ಆಮೇಲೆ ಹಿರಿಯರ ಹತ್ತಿರ ಬೇರೆಯಾಗಿ ಕೂತು ಮಾತಾಡಿ. ಮಕ್ಕಳ ಎದುರಿಗೆ ಅವರು “ನಿಮ್ಮಿಷ್ಟ” ಅನ್ನುತ್ತಾರೆ. ಒಬ್ಬರೇ ಇದ್ದಾಗ ನಿಜ ಹೇಳುತ್ತಾರೆ. “ಏನಾದರೂ ಮಾಡಿಸಿಕೊಳ್ಳಬೇಕು ಅಂತ ಆಸೆ ಇದೆಯಾ?” ಅನ್ನುವುದಕ್ಕಿಂತ “ಏನು ಮಾಡಿದರೆ ನಿಮಗೆ ಬೇಜಾರಾಗುತ್ತದೆ?” ಅಂತ ಕೇಳಿದರೆ ಬೇಗ ಉತ್ತರ ಸಿಗುತ್ತದೆ. ಒಬ್ಬರು ತಾತ “ನನ್ನ ಬಗ್ಗೆ ಹೊಗಳಿಕೆ ಬೇಡ, ನನ್ನ ಹೆಂಡತಿ ಹೆಸರು ಒಂದು ಸಲ ಹೇಳಿ” ಅಂದಿದ್ದರು. ಆ ಒಂದು ಮಾತಿನ ಮೇಲೆಯೇ ಅವತ್ತಿನ ಕಾರ್ಯಕ್ರಮವನ್ನೆಲ್ಲ ಕಟ್ಟಿದೆವು.

ಬೇಡ ಅಂದರೆ ಎರಡನೇ ಸಲ ಕೇಳಿ. ನಮ್ಮಲ್ಲಿ ಮೊದಲ ಸಲ ಬೇಡ ಅನ್ನುವುದು ರೂಢಿ. ಎರಡನೇ ಸಲವೂ ಬೇಡ ಅಂದರೆ ದೊಡ್ಡ ಸಮಾರಂಭ ಬಿಟ್ಟುಬಿಡಿ. ಮನೆಯಲ್ಲೇ ಹತ್ತು ಜನ ಸೇರಿದರೆ ಸಾಕು.

ಹಂತ 2: ಯಾವ ದಿನ, ಯಾವ ಲೆಕ್ಕ

ಇದು ಸುಲಭ ಅನ್ನಿಸುತ್ತದೆ, ಅಲ್ವಾ? ಅಷ್ಟು ಸುಲಭವಲ್ಲ. ಆ ತಲೆಮಾರಿನ ಅನೇಕರಿಗೆ ಎರಡು ಹುಟ್ಟಿದ ದಿನ. ಒಂದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು, ಅದೇ ಪಾಸ್‌ಪೋರ್ಟಿನಲ್ಲಿ ಇರುತ್ತದೆ. ಇನ್ನೊಂದು ಮನೆಯವರಿಗೆ ಗೊತ್ತಿದ್ದದ್ದು: “ಧಾತು ಸಂವತ್ಸರ, ಶ್ರಾವಣ ಮಾಸ, ದೊಡ್ಡ ಮಳೆ ಬಂದ ವಾರ” ಅನ್ನುವ ಥರ. ಧಾತು ಅಂದರೆ 1936ರ ಯುಗಾದಿಯಿಂದ 1937ರ ಯುಗಾದಿವರೆಗೆ. ಸಂವತ್ಸರಗಳು ಅರವತ್ತು ವರ್ಷಕ್ಕೆ ಒಂದು ಸುತ್ತು ಬರುವುದರಿಂದ ಹೆಸರು ಗೊತ್ತಿದ್ದರೆ ವರ್ಷ ಹಿಡಿಯಬಹುದು. ಎರಡು ದಿನಗಳಲ್ಲಿ ಯಾವುದು ತಮ್ಮದು ಅಂತ ಅವರೇ ಹೇಳಲಿ. ಸರ್ಕಾರಿ ಪತ್ರಗಳಿಗೆ ಮಾತ್ರ ಪಾಸ್‌ಪೋರ್ಟಿನ ದಿನವನ್ನೇ ಕೊಡಬೇಕು.

ನಮ್ಮ ಸಂಪ್ರದಾಯದ ಮೈಲಿಗಲ್ಲುಗಳೂ ಇವೆ. 60ಕ್ಕೆ ಷಷ್ಟ್ಯಬ್ದಿ, 70ಕ್ಕೆ ಭೀಮರಥ ಶಾಂತಿ, ಎಂಬತ್ತು ದಾಟಿದ ಮೇಲೆ ಸಹಸ್ರ ಚಂದ್ರ ದರ್ಶನ. ಅಂದರೆ ಸಾವಿರ ಹುಣ್ಣಿಮೆ ಕಂಡವರು. ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಸುಮಾರು 29.53 ದಿನ. ಸಾವಿರಕ್ಕೆ ಗುಣಿಸಿದರೆ ಸುಮಾರು 80 ವರ್ಷ 10 ತಿಂಗಳು. ಪುರೋಹಿತರ ಲೆಕ್ಕ ಒಂದೆರಡು ತಿಂಗಳು ಹಿಂದೆ ಮುಂದೆ ಇರಬಹುದು, ಅವರು ಹೇಳಿದ್ದನ್ನೇ ಇಟ್ಟುಕೊಳ್ಳಿ. ಸಾವಿರ ಹುಣ್ಣಿಮೆಯ ಮಾತು ಇಲ್ಲಿ ಹುಟ್ಟಿದ ಮೊಮ್ಮಕ್ಕಳಿಗೂ ತುಂಬ ಹಿಡಿಸುತ್ತದೆ. ಒಂದು ಮನೆಯಲ್ಲಿ ಮೊಮ್ಮಗಳು ಸಣ್ಣ ಸಣ್ಣ ಸಾವಿರ ಬಿಳಿ ವೃತ್ತಗಳನ್ನು ಒಂದೇ ಹಾಳೆಯಲ್ಲಿ ಬರೆದು ಚೌಕಟ್ಟು ಹಾಕಿಸಿದ್ದಳು. ಅದು ಈಗಲೂ ತಾತನ ಹಾಸಿಗೆಯ ಎದುರಿಗೆ ಇದೆ.

ಹಂತ 3: ‘ನೀನು’ ಅನ್ನುವವರನ್ನು ಹುಡುಕಿ

ಈ ಹಂತಕ್ಕೇ ಹೆಚ್ಚು ಸಮಯ ಇಡಿ. ನಾಲ್ಕು ತಿಂಗಳಲ್ಲಿ ಮೊದಲ ಒಂದೂವರೆ ತಿಂಗಳು ಇದಕ್ಕೇ ಹೋಗಲಿ.

ಹಿರಿಯರನ್ನು ನೇರವಾಗಿ “ನಿಮ್ಮ ಗೆಳತಿಯರು ಯಾರು ಉಳಿದಿದ್ದಾರೆ?” ಅಂತ ಕೇಳಬೇಡಿ. ಆ ಪ್ರಶ್ನೆಗೆ ಉತ್ತರ ಸಾವುಗಳ ಪಟ್ಟಿ ಆಗಿಬಿಡುತ್ತದೆ. ಬದಲಿಗೆ “ಶಾಲೆಗೆ ಯಾರ ಜೊತೆ ಹೋಗುತ್ತಿದ್ದಿರಿ? ಪಕ್ಕದ ಮನೆ ಯಾರದು? ಕುಂಟೆಬಿಲ್ಲೆ ಯಾರ ಜೊತೆ ಆಡುತ್ತಿದ್ದಿರಿ?” ಅಂತ ಕೇಳಿ. ಹೆಸರುಗಳು ತಾವಾಗಿಯೇ ಬರುತ್ತವೆ. ಪಕ್ಕದಲ್ಲಿ ಬರೆದುಕೊಳ್ಳಿ. ಹಳೆಯ ವಿಳಾಸದ ಪುಸ್ತಕ, ಮದುವೆಯ ಗುಂಪು ಫೋಟೋ, ಟ್ರಂಕಿನಲ್ಲಿರುವ ನೀಲಿ ಏರೋಗ್ರಾಂ ಕಾಗದಗಳು, ಇವುಗಳಲ್ಲೂ ಹೆಸರು ಸಿಗುತ್ತವೆ. ಕಾಗದದ ಒಳಗಿನ ಮಾತನ್ನು ಮಾತ್ರ ಅವರ ಅಪ್ಪಣೆ ಇಲ್ಲದೆ ಓದಬೇಡಿ.

ಆಮೇಲೆ ಊರಿನಲ್ಲಿ ಹುಡುಕಾಟ. ಕುಟುಂಬದ ವಾಟ್ಸಾಪ್ ಗುಂಪುಗಳಿಂದ ಶುರು ಮಾಡಿ. ಅಲ್ಲಿ ಸಿಗದಿದ್ದರೆ ಆ ಊರಿಗೆ ಹೋಗಿ ಬರುವ ಯಾರನ್ನಾದರೂ ಹಿಡಿಯಿರಿ. ನಮಗೆ ಗೊತ್ತಿದ್ದದ್ದು ಗೆಳತಿಯ ಮನೆ ಹೊಳೆನರಸೀಪುರದ ಅಂಚೆ ಕಚೇರಿಯ ಹಿಂದೆ ಇತ್ತು ಅನ್ನುವುದಷ್ಟೇ. ಕೂಟದ ಒಬ್ಬ ಸದಸ್ಯರ ತಮ್ಮ ಹಾಸನದಿಂದ ಸ್ಕೂಟರಿನಲ್ಲಿ ಹೋದರು. ಮನೆ ಮಾರಿಹೋಗಿತ್ತು. ಎದುರಿನ ದಿನಸಿ ಅಂಗಡಿಯವರಿಗೆ ಮಗನ ನಂಬರ್ ಗೊತ್ತಿತ್ತು. ಎರಡೇ ದಿನದಲ್ಲಿ 89ರ ಆ ಗೆಳತಿ ಸಿಕ್ಕರು. ಹಳೆಯ ಊರುಗಳಲ್ಲಿ ಅಂಗಡಿಯವರು, ದೇವಸ್ಥಾನದ ಅರ್ಚಕರು, ನಿವೃತ್ತ ಮೇಷ್ಟ್ರುಗಳು, ಈ ಮೂವರಲ್ಲಿ ಒಬ್ಬರಿಗೆ ಗೊತ್ತಿರುತ್ತದೆ.

ಹುಡುಕಿದವರು ತೀರಿಕೊಂಡಿದ್ದಾರೆ ಅಂತ ಗೊತ್ತಾದರೆ? ಹಾಗೂ ಆಗುತ್ತದೆ. ಸುದ್ದಿಯನ್ನು ಮೊದಲು ಮಕ್ಕಳಿಗೆ ಹೇಳಿ. ಹಿರಿಯರಿಗೆ ಹೇಳಬೇಕೋ ಬೇಡವೋ, ಯಾವಾಗ ಅನ್ನುವುದು ಅವರ ತೀರ್ಮಾನ. ಹಬ್ಬದ ವಾರದಲ್ಲಿ ಮಾತ್ರ ಬೇಡ.

ಯಾರೂ ಸಿಗದಿದ್ದರೆ ಊರನ್ನೇ ತನ್ನಿ. ಅವರು ಬೆಳೆದ ಬೀದಿಯಲ್ಲಿ ಒಬ್ಬರು ಫೋನ್ ಹಿಡಿದು ನಿಧಾನವಾಗಿ ನಡೆಯಲಿ. ಶಾಲೆಯ ಗೇಟು, ಸಂತೆ ಮೈದಾನ, ಹೊಳೆ ದಂಡೆ. ಮಾತು ಬೇಡ, ಹಿನ್ನೆಲೆ ಸಂಗೀತವೂ ಬೇಡ. ಬೀದಿಯ ಸದ್ದು ಸಾಕು. ಇನ್ನೊಂದು ದಾರಿ: ಅವರ ಮನೆಮಾತನ್ನು ಅವರ ಊರಿನ ಥರವೇ ಆಡುವ ಒಬ್ಬರನ್ನು ಕರೆಯಿರಿ. ಧಾರವಾಡದ ಕನ್ನಡ, ಕುಂದಾಪುರದ ಕನ್ನಡ, ಹವ್ಯಕ, ಅರೆಭಾಷೆ, ತುಳು, ಕೊಂಕಣಿ, ಕೊಡವ, ಬ್ಯಾರಿ. ಕೂಟದ ಸಭೆಯ ಕನ್ನಡ ಬೇರೆ, ಅಡುಗೆಮನೆಯ ಮಾತು ಬೇರೆ. ಮರೆವು ಶುರುವಾದ ಹಿರಿಯರಲ್ಲಿ ಆಮೇಲೆ ಕಲಿತ ಇಂಗ್ಲಿಷ್ ಮೊದಲು ಜಾರಿಹೋಗಿ ಮನೆಮಾತು ಉಳಿದಿದ್ದನ್ನು ನಾನು ಕಂಡಿದ್ದೇನೆ. ಅಂಥವರಿಗೆ ಈ ಒಂದು ದನಿ ಇಡೀ ಸಮಾರಂಭಕ್ಕಿಂತ ಮೇಲು.

ಈಗ ಕರೆಯ ವಿಷಯ. ಇದನ್ನು ವೇದಿಕೆಯ ಮೇಲೆ ಮಾಡಬೇಡಿ. ನೂರು ಜನರ ಎದುರಿಗೆ ಇಬ್ಬರು ಹಳೆ ಗೆಳತಿಯರು ಏನು ಮಾತಾಡಲು ಸಾಧ್ಯ? ಬೆಳಿಗ್ಗೆ ಮನೆಯಲ್ಲಿ ಮಾಡಿಸಿ. ಬೇಸಿಗೆಯಲ್ಲಿ ನ್ಯೂಯಾರ್ಕಿನ ಬೆಳಿಗ್ಗೆ 10 ಅಂದರೆ ಊರಿನಲ್ಲಿ ಸಂಜೆ 7.30. ಕ್ಯಾಲಿಫೋರ್ನಿಯಾದ ಬೆಳಿಗ್ಗೆ 10 ಅಂದರೆ ಅಲ್ಲಿ ರಾತ್ರಿ 10.30, ಹಿರಿಯರಿಗೆ ತಡವಾಯಿತು. ಹಾಗಾಗಿ ಪಶ್ಚಿಮ ಕರಾವಳಿಯವರು ಬೆಳಿಗ್ಗೆ 7ಕ್ಕೇ ಇಟ್ಟುಕೊಳ್ಳಿ. ಚಳಿಗಾಲದಲ್ಲಿ ವ್ಯತ್ಯಾಸ ಇನ್ನೊಂದು ಗಂಟೆ ಹೆಚ್ಚುತ್ತದೆ. ಫೋನ್ ಬದಲು ಟ್ಯಾಬ್ಲೆಟ್ ಇರಲಿ, ಮುಖ ದೊಡ್ಡದಾಗಿ ಕಾಣಬೇಕು. ಎರಡೂ ಕಡೆ ಒಬ್ಬ ಮೊಮ್ಮಗನೋ ಮೊಮ್ಮಗಳೋ ಹಿಡಿದುಕೊಂಡಿರಲಿ. ಹಿಂದಿನ ದಿನ ಒಂದು ಸಲ ಪರೀಕ್ಷೆ ಮಾಡಿ. ಕರೆ ಹತ್ತಿದ ಮೇಲೆ ಉಳಿದವರೆಲ್ಲ ಕೋಣೆಯಿಂದ ಆಚೆ ಬನ್ನಿ. ಇಬ್ಬರೂ ಒಪ್ಪಿದರೆ ಮಾತ್ರ ರೆಕಾರ್ಡ್ ಮಾಡಿ, ಅದರಲ್ಲಿ ಒಂದು ನಿಮಿಷ ಸಮಾರಂಭದಲ್ಲಿ ತೋರಿಸಬಹುದು.

ಹಂತ 4: ಕಥೆ ಕೇಳಿ, ಕೂಡಿಡಿ

ಹಬ್ಬದ ದಿನ ಹೇಳುವ ಪರಿಚಯ ಸಾಮಾನ್ಯವಾಗಿ ಹೀಗಿರುತ್ತದೆ: ಇಂಥ ವರ್ಷ ಬಂದರು, ಇಂಥ ಕೆಲಸ ಮಾಡಿದರು, ಇಬ್ಬರು ಮಕ್ಕಳು, ನಾಲ್ವರು ಮೊಮ್ಮಕ್ಕಳು. ಇದು ಯಾರ ಪರಿಚಯವೂ ಆಗಬಹುದು. ಅವರದ್ದೇ ಆಗಬೇಕಾದರೆ ಕೂತು ಕೇಳಬೇಕು.

ಮೂರು ಸಲ ಹೋಗಿ, ಪ್ರತಿ ಸಲ 40 ನಿಮಿಷಕ್ಕಿಂತ ಜಾಸ್ತಿ ಬೇಡ. ಊಟವಾದ ತಕ್ಷಣ ಬೇಡ, ನಿದ್ದೆ ಬರುತ್ತದೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಅವರ ಹತ್ತಿರ, ಬಟ್ಟೆಯ ಮೇಲೆ ಇಡಿ. ಮೇಜಿನ ಮೇಲೆ ಇಟ್ಟರೆ ಲೋಟ ಇಟ್ಟ ಸದ್ದೆಲ್ಲ ಸೇರಿಕೊಳ್ಳುತ್ತದೆ. ಎರಡು ಫೋನಿನಲ್ಲಿ ರೆಕಾರ್ಡ್ ಮಾಡುವುದು ಒಳ್ಳೆಯದು. ನಾನು ಒಂದು ಸಲ ಒಂದೇ ಫೋನ್ ನಂಬಿ, ಒಬ್ಬ ಹಿರಿಯರು ಹಡಗಿನಲ್ಲಿ ಬಂದ ಕಥೆಯನ್ನು ಪೂರ್ತಿ ಕಳೆದುಕೊಂಡೆ. ಎರಡನೇ ಸಲ ಹೇಳಿಸುವ ಹೊತ್ತಿಗೆ ಅವರಿಗೆ ಹುಷಾರಿರಲಿಲ್ಲ. ಆ ನೋವು ಇನ್ನೂ ಹೋಗಿಲ್ಲ.

ನನಗೆ ಕೆಲಸಕ್ಕೆ ಬಂದ ಪ್ರಶ್ನೆಗಳು ಇವು:

- ಊರು ಬಿಟ್ಟ ದಿನ ಯಾರು ಯಾರು ಬಂದು ಬೀಳ್ಕೊಟ್ಟರು? ಪೆಟ್ಟಿಗೆಯಲ್ಲಿ ಏನೇನಿತ್ತು?
- ಮೊದಲ ಹಿಮ ಕಂಡಾಗ ಕಾಲಲ್ಲಿ ಏನು ಹಾಕಿದ್ದಿರಿ?
- ತೊಗರಿಬೇಳೆ, ಹುಣಸೆಹಣ್ಣು ಎಲ್ಲಿಂದ ತರುತ್ತಿದ್ದಿರಿ?
- ಅಪ್ಪನೋ ಅಮ್ಮನೋ ತೀರಿಕೊಂಡ ಸುದ್ದಿ ಹೇಗೆ ಬಂತು?
- ಇಲ್ಲಿಯವರಲ್ಲಿ ಮೊದಲು ಮನೆಗೆ ಊಟಕ್ಕೆ ಕರೆದವರು ಯಾರು?
- ವಾಪಸ್ ಹೋಗಬೇಕು ಅಂತ ಯಾವಾಗ ಅನ್ನಿಸಿತು? ಯಾಕೆ ಹೋಗಲಿಲ್ಲ?

ನಾಲ್ಕನೆಯದನ್ನು ಮೂರನೇ ಭೇಟಿಗೆ ಮುಂಚೆ ಕೇಳಬೇಡಿ. ಟೆಲಿಗ್ರಾಂ ಬರುವ ಹೊತ್ತಿಗೆ ಅಲ್ಲಿ ಎಲ್ಲ ಮುಗಿದಿರುತ್ತಿದ್ದ ಕಾಲ ಅದು. ಅದನ್ನು ಈವರೆಗೆ ಯಾರ ಹತ್ತಿರವೂ ಹೇಳದವರು ಇದ್ದಾರೆ. ಅತ್ತರೆ ರೆಕಾರ್ಡಿಂಗ್ ನಿಲ್ಲಿಸಿ ನೀರು ಕೊಡಿ.

ಅರವತ್ತರ ದಶಕದಲ್ಲಿ ಬಂದವರಲ್ಲಿ ಅನೇಕರು ‘ಎಂಟು ಡಾಲರ್’ ಕಥೆ ಹೇಳುತ್ತಾರೆ. ಆಗ ಭಾರತದಲ್ಲಿ ವಿದೇಶಿ ಹಣಕ್ಕೆ ಬಿಗಿಯಾದ ಕಟ್ಟು ಇತ್ತು, ಹೊರಡುವವರಿಗೆ ಸಿಗುತ್ತಿದ್ದದ್ದೇ ಅಷ್ಟು. ಆ ಎಂಟು ಡಾಲರಿನಲ್ಲಿ ಮೊದಲು ಏನು ಕೊಂಡಿರಿ ಅಂತ ಕೇಳಿ. ಇಲ್ಲಿ ದೇವಸ್ಥಾನಗಳೇ ಇಲ್ಲದ ಕಾಲದ ಹಬ್ಬಗಳ ಬಗ್ಗೆಯೂ ಕೇಳಿ. ನ್ಯೂಯಾರ್ಕಿನ ಫ್ಲಶಿಂಗ್ ಗಣಪತಿ ದೇವಸ್ಥಾನ, ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನ ಎರಡೂ ಬಂದದ್ದು 1977ರ ಹೊತ್ತಿಗೆ. ಅದಕ್ಕೂ ಮುಂಚೆ ಯಾರದೋ ಮನೆಯ ಬೇಸ್‌ಮೆಂಟಿನಲ್ಲಿ ಗಣಪತಿ ಕೂರುತ್ತಿದ್ದ.

ಒಂದು ಎಚ್ಚರಿಕೆ. ಎಲ್ಲ ಹಿರಿಯರೂ ಕೆಲಸಕ್ಕೆ ಅಂತ ಬಂದವರಲ್ಲ. ಮಕ್ಕಳು ಕರೆಸಿಕೊಂಡದ್ದರಿಂದ ಅರವತ್ತೈದರಲ್ಲಿ ಬಂದು ಇಲ್ಲೇ ಉಳಿದವರೂ ತುಂಬ ಜನ. ಅವರ ಮುಕ್ಕಾಲು ಜೀವನ ಊರಿನಲ್ಲೇ ಆಗಿದೆ. ಮೈಸೂರಿನ ಮನೆ ಮಾರಿ ಬಂದದ್ದು, ಕಾರು ಓಡಿಸಲು ಬಾರದೆ ಮನೆಯಲ್ಲೇ ಕೂತದ್ದು, ಮೊಮ್ಮಕ್ಕಳನ್ನು ಬೆಳೆಸಿದ್ದು ಅವರ ಕಥೆ. ಅದರಲ್ಲಿ ಪದವಿ, ಹುದ್ದೆ ಇಲ್ಲ ಅಂತ ಸಣ್ಣದು ಮಾಡಬೇಡಿ. ಇವತ್ತು ನಮ್ಮ ಕೂಟದ ಅರ್ಧ ಮಕ್ಕಳು ಕನ್ನಡ ಮಾತಾಡುತ್ತಿದ್ದರೆ ಅದು ಅಂಥ ಅಜ್ಜಿಯರಿಂದ.

ಪರಿಚಯ ಬರೆಯುವಾಗ ಊರು, ನಾಡು ಸರಿಯಾಗಿರಲಿ. 1936ರಲ್ಲಿ ಧಾರವಾಡದಲ್ಲಿ ಹುಟ್ಟಿದವರು ಮುಂಬಯಿ ಪ್ರಾಂತ್ಯದಲ್ಲಿ ಹುಟ್ಟಿದವರು. ಮಂಗಳೂರಾದರೆ ಮದ್ರಾಸ್ ಪ್ರಾಂತ್ಯ, ಬೀದರ್ ಆದರೆ ನಿಜಾಮರ ಹೈದರಾಬಾದ್. ರಾಜ್ಯ ಒಂದಾದದ್ದು 1956ರಲ್ಲಿ, ‘ಕರ್ನಾಟಕ’ ಅನ್ನುವ ಹೆಸರು ಬಂದದ್ದು 1973ರ ನವೆಂಬರ್ 1ರಂದು. 1969ರಲ್ಲಿ ವಿಮಾನ ಹತ್ತಿದವರು ಬಿಟ್ಟು ಬಂದದ್ದು ಮೈಸೂರು ರಾಜ್ಯವನ್ನು. ಹೆಸರು ಬದಲಾದ ಸುದ್ದಿಯನ್ನು ಅವರು ಇಲ್ಲಿ ಕೂತು ಕೇಳಿದರು. ಇಂಥದ್ದನ್ನು ಹೇಳಿದರೆ ಹಿರಿಯರ ಕಣ್ಣು ಅರಳುತ್ತದೆ.

ಫೋಟೋಗಳ ಬಗ್ಗೆ: ಸಣ್ಣ ಕಪ್ಪುಬಿಳುಪು ಚಿತ್ರಗಳನ್ನು 600 ಡಿಪಿಐ ಸ್ಪಷ್ಟತೆಯಲ್ಲಿ ಸ್ಕ್ಯಾನ್ ಮಾಡಿ. ಎಪ್ಪತ್ತರ ದಶಕದ ಅಂಟು ಹಾಳೆಯ ಆಲ್ಬಂ ಇದ್ದರೆ ಫೋಟೋ ಕೀಳಬೇಡಿ, ಹರಿಯುತ್ತದೆ. ಹಲ್ಲು ಉಜ್ಜುವ ಫ್ಲಾಸ್ ದಾರವನ್ನು ಫೋಟೋ ಕೆಳಗೆ ನಿಧಾನವಾಗಿ ಗರಗಸದಂತೆ ಎಳೆದರೆ ಬಿಡುತ್ತದೆ. ಅದೂ ಬಿಡದಿದ್ದರೆ ಹಾಳೆಯ ಸಮೇತ ಸ್ಕ್ಯಾನ್ ಮಾಡಿ. ಸ್ಲೈಡ್‌ಗಳ ಡಬ್ಬಿ ಇದೆಯಾ ಅಂತ ಕೇಳಿ, ಆಗಿನವರು ಸ್ಲೈಡ್ ಜಾಸ್ತಿ ತೆಗೆಯುತ್ತಿದ್ದರು. ಕ್ಯಾಸೆಟ್ ಕೂಡ ಕೇಳಿ. ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಊರಿಗೆ ಕಳಿಸುತ್ತಿದ್ದ ಮನೆಗಳಿದ್ದವು. ಊರಿನಿಂದ ಬಂದ ಕ್ಯಾಸೆಟ್ಟಿನಲ್ಲಿ ಅವರ ಅಮ್ಮನ ದನಿ ಇರಬಹುದು.

ಎಲ್ಲದರ ಮೂರು ಪ್ರತಿ ಇರಲಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿ. ಕುಟುಂಬ ಒಪ್ಪಿದರೆ 2008ರಿಂದ ನಡೆಯುತ್ತಿರುವ ಸೌತ್ ಏಷ್ಯನ್ ಅಮೆರಿಕನ್ ಡಿಜಿಟಲ್ ಆರ್ಕೈವ್‌ನಂಥ ಸಂಗ್ರಹಕ್ಕೂ ಕೊಡಬಹುದು. ಅಲ್ಲಿ ಕನ್ನಡದ ದನಿಗಳೂ ಇರಬೇಕು ಅನ್ನುವುದು ನನ್ನ ಆಸೆ.

ಹಂತ 5: ಸರ್ಕಾರದ ಪತ್ರಗಳು

ಇದು ಬರೀ ಅರ್ಜಿಯ ಕೆಲಸ. ಎರಡು ತಿಂಗಳು ಮುಂಚೆ ಒಬ್ಬರಿಗೆ ವಹಿಸಿಬಿಡಿ. ಎಂಬತ್ತು ದಾಟಿದ ಅಮೆರಿಕನ್ ನಾಗರಿಕರಿಗೆ ಅಧ್ಯಕ್ಷರ ಕಚೇರಿಯಿಂದ ಶುಭಾಶಯ ಪತ್ರ ಬರುವ ಪದ್ಧತಿ ಬಹಳ ಕಾಲದಿಂದ ಇದೆ. ಊರಿನ ಮೇಯರ್ ಕಚೇರಿ ಘೋಷಣಾ ಪತ್ರ ಕೊಡಬಹುದು, ಅದಕ್ಕೆ ಒಂದು ಪುಟದ ಪರಿಚಯವನ್ನು ನೀವೇ ಬರೆದು ಕೊಟ್ಟರೆ ಕೆಲಸ ಬೇಗ ಆಗುತ್ತದೆ. ನಿಮ್ಮ ಸಂಸದರ ಕಚೇರಿಯ ಮೂಲಕ, ವಾಷಿಂಗ್ಟನ್ನಿನ ಕ್ಯಾಪಿಟಲ್ ಕಟ್ಟಡದ ಮೇಲೆ ಹಾರಿಸಿದ ಧ್ವಜವನ್ನು ಪ್ರಮಾಣಪತ್ರದ ಜೊತೆ ಕೊಳ್ಳಬಹುದು. ಬ್ರಿಟನ್ನಿನಲ್ಲಿದ್ದರೆ 100ಕ್ಕೆ, 105ಕ್ಕೆ, ಅಲ್ಲಿಂದ ಮುಂದೆ ಪ್ರತಿ ವರ್ಷ ಅರಮನೆಯಿಂದ ಕಾರ್ಡ್ ಬರುತ್ತದೆ.

ಹೆಸರಿನ ಕಾಗುಣಿತ ನಾಲ್ಕು ಸಲ ನೋಡಿ. ನಮ್ಮ ಹೆಸರುಗಳಲ್ಲಿ ಊರು, ಅಪ್ಪನ ಹೆಸರು, ಗಂಡನ ಹೆಸರು ಎಲ್ಲ ಸೇರಿ ಅವರಿಗೆ ಗೊಂದಲವಾಗುತ್ತದೆ. ನಾಗರಿಕತ್ವದ ಪತ್ರವನ್ನು ಸ್ಲೈಡ್ ಶೋದಲ್ಲಿ ತೋರಿಸುವ ಆಸೆ ಇದ್ದರೆ ನಂಬರ್‌ಗಳನ್ನು ಮುಚ್ಚಿ.

ಹಂತ 6: ಪೂಜೆ ಇರಬೇಕಾ?

ಮನೆಯವರ ಪದ್ಧತಿ ಏನೋ ಅದು. ಆಯುಷ್ಯ ಹೋಮವಿರಬಹುದು, ವಚನ ಗಾಯನವಿರಬಹುದು, ಚರ್ಚಿನಲ್ಲಿ ಪ್ರಾರ್ಥನೆ ಇರಬಹುದು, ಕುರಾನ್ ಪಠಣವಿರಬಹುದು. ಏನೂ ಇಲ್ಲದೆಯೂ ಇರಬಹುದು. ಕೂಟ ಎಲ್ಲರದು, ಹಾಗಾಗಿ ಪೂಜೆ ಕುಟುಂಬದ್ದಾಗಿ ಬೆಳಿಗ್ಗೆ ನಡೆಯಲಿ, ಸಾರ್ವಜನಿಕ ಸಮಾರಂಭ ಬೇರೆ ಇರಲಿ. ಹೋಮವಿದ್ದರೆ ದೇವಸ್ಥಾನದ ಯಾಗಶಾಲೆಯಲ್ಲೇ ಮಾಡಿ. ಬಾಡಿಗೆ ಹಾಲ್‌ನಲ್ಲಿ ಹೊಗೆಗೆ ಅಲಾರಂ ಹೊಡೆದುಕೊಂಡು ಎಲ್ಲರೂ ಆಚೆ ನಿಲ್ಲಬೇಕಾಗುತ್ತದೆ.

ಗಂಡನನ್ನು ಕಳೆದುಕೊಂಡ ಅಜ್ಜಿಯರ ವಿಷಯದಲ್ಲಿ ಒಂದು ಮಾತು. ಕುಂಕುಮ, ಹೂವು, ಆರತಿ ಬಂದಾಗ ನಮ್ಮಲ್ಲಿ ಕೆಲವರು ಹಿಂಜರಿಯುತ್ತಾರೆ. ಅವರ ಹುಟ್ಟುಹಬ್ಬದಲ್ಲೇ ಆರತಿ ತಟ್ಟೆ ಅವರನ್ನು ದಾಟಿ ಪಕ್ಕದವರಿಗೆ ಹೋದದ್ದನ್ನು ನಾನು ನೋಡಿದ್ದೇನೆ. ಅವರು ಏನೂ ಹೇಳಲಿಲ್ಲ, ತಲೆ ತಗ್ಗಿಸಿದರು. ಹಾಗಾಗಬಾರದು. ಮುಂಚೆಯೇ ಒಬ್ಬ ಹೆಣ್ಣುಮಗಳು ಹೋಗಿ ಅವರನ್ನೇ ಮೆಲ್ಲಗೆ ಕೇಳಲಿ. “ಹೂವು ಮುಡೀತೀರಾ ಅಜ್ಜಿ? ಆರತಿ ಎತ್ತಲಾ?” ಹೊಳೆನರಸೀಪುರದ ನಮ್ಮ ಅಜ್ಜಿ ಮಲ್ಲಿಗೆ ಕೇಳಿದರು. ತರಿಸಿದೆವು.

ಕೇಕ್ ಇದ್ದರೆ ಇರಲಿ, ಮೊಮ್ಮಕ್ಕಳಿಗೆ ಇಷ್ಟ. ಮೇಣದಬತ್ತಿ ಊದುವುದು ಮಾತ್ರ ಅನೇಕ ಹಿರಿಯರಿಗೆ ಸರಿ ಕಾಣುವುದಿಲ್ಲ. ಒಳ್ಳೆಯ ದಿನ ದೀಪ ಆರಿಸುವುದು ಯಾಕೆ ಅನ್ನುತ್ತಾರೆ. ಬದಲಿಗೆ ಅವರ ಕೈಯಿಂದ ಒಂದು ದೀಪ ಹಚ್ಚಿಸಿ.

ಹಂತ 7: ಜಾಗ, ಹೊತ್ತು, ಸದ್ದು

ಬೆಳಿಗ್ಗೆ 11ರಿಂದ ಮಧ್ಯಾಹ್ನ 1.30. ಸಂಜೆ ಬೇಡ. ಸಂಜೆಯಾದಂತೆ ಹಿರಿಯರಿಗೆ ಸುಸ್ತು, ಮರೆವಿರುವವರಿಗೆ ಕಸಿವಿಸಿ ಹೆಚ್ಚುತ್ತದೆ. ಅಜ್ಜಿಯ ಹಬ್ಬವನ್ನು ನಾವು ಸಂಜೆ ಇಟ್ಟದ್ದು ತಪ್ಪು, ಎಂಟು ಗಂಟೆಗೆಲ್ಲ ಅವರು ಬಳಲಿದ್ದರು.

ಮೆಟ್ಟಿಲಿಲ್ಲದ ಹಾಲ್ ಬೇಕು. ವೇದಿಕೆ ಬೇಡವೇ ಬೇಡ, ನೆಲದ ಮೇಲೇ ಎರಡೂ ಕಡೆ ಕೈಯಿರುವ ಒಂದು ಗಟ್ಟಿ ಕುರ್ಚಿ ಹಾಕಿ. ಮೆತ್ತನೆಯ ಸಿಂಹಾಸನದಂಥ ಕುರ್ಚಿಯಲ್ಲಿ ಕೂತರೆ ಏಳಲಾಗುವುದಿಲ್ಲ. ಬಾತ್‌ರೂಮ್ ಹತ್ತಿರವಿರಲಿ.

ಸದ್ದು ಮುಖ್ಯ. ಹಿಯರಿಂಗ್ ಏಡ್ ಹಾಕಿದವರಿಗೆ ಗದ್ದಲದ ಹಾಲ್‌ನಲ್ಲಿ ಎಲ್ಲ ಸದ್ದೂ ಒಟ್ಟಿಗೆ ಬಡಿಯುತ್ತದೆ. ನಮ್ಮ ಮೊದಲ ಸನ್ಮಾನದಲ್ಲಿ ಸ್ಪೀಕರ್ ಸರಿಯಾಗಿ ತಾತನ ಕಿವಿಯ ಹಿಂದೆ ಇತ್ತು. ಅವರು ಏಡ್ ತೆಗೆದು ಜೇಬಿಗೆ ಹಾಕಿಕೊಂಡರು. ಎರಡು ಗಂಟೆ ತಮ್ಮ ಬಗ್ಗೆ ಆಡಿದ ಒಂದು ಮಾತೂ ಅವರಿಗೆ ಕೇಳಲಿಲ್ಲ. ಈಗ ನಾವು ಸ್ಪೀಕರನ್ನು ಅವರ ಮುಂದೆ ಇಡುತ್ತೇವೆ, ಮಾತಾಡುವವರು ಅವರ ಎದುರಿಗೇ, ಮುಖ ಕಾಣುವಂತೆ ನಿಲ್ಲುತ್ತಾರೆ. ಭಾಷಣಗಳನ್ನು ಮುಂಚೆಯೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ ಅವರ ಕೈಗೆ ಕೊಡುತ್ತೇವೆ.

ಹಂತ 8: ಊಟ

ಅವರಿಗೆ 12ಕ್ಕೇ ಬಡಿಸಿಬಿಡಿ, ಸಭೆಗೆ ಕಾಯಬೇಡಿ. ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಂಡು ಊಟ ತಡವಾದರೆ ಅಪಾಯ. ಹೋಳಿಗೆ, ಬಿಸಿಬೇಳೆಬಾತ್ ಎಲ್ಲರಿಗೆ ಇರಲಿ. ಅವರಿಗಾಗಿ ಅವರ ಊರಿನ ಒಂದೇ ಒಂದು ತಿಂಡಿ ಯಾರಾದರೂ ಮನೆಯಲ್ಲಿ ಮಾಡಿ ತರಲಿ. ಪತ್ರೊಡೆಯೋ, ನೀರುದೋಸೆಯೋ, ಜೋಳದ ರೊಟ್ಟಿಯೋ, ಮುದ್ದೆ ಬಸ್ಸಾರೋ. ಹಲ್ಲಿಗೆ ಹಿತವಾಗಿರಬೇಕು ಅನ್ನುವುದು ನೆನಪಿರಲಿ.

ಹಂತ 9: ಸನ್ಮಾನ

ಬ್ಯಾನರ್‌ನಿಂದ ಶುರು ಮಾಡೋಣ. ಇಲ್ಲಿನ ಅಚ್ಚಿನ ಅಂಗಡಿಗಳಲ್ಲಿ ಕನ್ನಡದ ಒತ್ತಕ್ಷರ ಒಡೆದು ಹೋಗುತ್ತದೆ. ‘ಹುಟ್ಟುಹಬ್ಬ’ದಲ್ಲಿ ಟಕಾರದ ಒತ್ತು ಪಕ್ಕಕ್ಕೆ ಬಂದು ಕೂರುತ್ತದೆ. ಅಕ್ಷರಗಳನ್ನು ಕಳಿಸಬೇಡಿ, ಪಿಡಿಎಫ್ ಅಥವಾ ಚಿತ್ರವಾಗಿ ಮಾಡಿ ಕಳಿಸಿ. ಅಚ್ಚಿಗೆ ಮುಂಚೆ ಕನ್ನಡ ಚೆನ್ನಾಗಿ ಬಲ್ಲ ಒಬ್ಬರು ಜೋರಾಗಿ ಓದಲಿ.

ಭಾಷಣ ಮೂರೇ ಇರಲಿ, ಒಂದೊಂದು ನಾಲ್ಕು ನಿಮಿಷ. ಒಬ್ಬರು ಕುಟುಂಬದವರು, ಒಬ್ಬರು ಕೂಟದವರು, ಒಬ್ಬರು ಹೊರಗಿನವರು. ಹೊರಗಿನವರು ಅಂದರೆ ಪಕ್ಕದ ಮನೆಯ ಅಮೆರಿಕನ್, ಹಳೆಯ ಸಹೋದ್ಯೋಗಿ, ಅಂಚೆಯವರು. ನಲವತ್ತು ವರ್ಷ ಪಕ್ಕದಲ್ಲಿದ್ದವರು ಹೇಳುವುದು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಪದಾಧಿಕಾರಿಗಳೆಲ್ಲ ಮಾತಾಡಲೇಬೇಕು ಅನ್ನುವ ಪದ್ಧತಿಯನ್ನು ಈ ಒಂದು ದಿನ ಬಿಡಿ. ಮೊಮ್ಮಕ್ಕಳು ಮೂರೇ ವಾಕ್ಯ ಕನ್ನಡದಲ್ಲಿ ಹೇಳಲಿ, ತಪ್ಪಾದರೂ ಪರವಾಗಿಲ್ಲ.

“ನೂರು ಕಾಲ ಬಾಳಿ” ಅನ್ನಬೇಡಿ. 96ರವರಿಗೆ ಅದು ಇನ್ನು ನಾಲ್ಕೇ ವರ್ಷ ಅಂದ ಹಾಗೆ. ಚಿಕ್ಕವರು ದೊಡ್ಡವರಿಗೆ ಹರಸುವುದೂ ನಮ್ಮ ರೂಢಿಯಲ್ಲ. “ಆಶೀರ್ವಾದ ಮಾಡಿ” ಅನ್ನಿ.

ಶಾಲು ತೆಳುವಾಗಿರಲಿ, ಹಾರ ಹಗುರವಾಗಿರಲಿ. ಮೈಸೂರು ಪೇಟ ತೊಡಿಸುವುದಾದರೆ ತಲೆಯ ಅಳತೆ ಮುಂಚೆ ತೆಗೆದುಕೊಳ್ಳಿ, ಕನ್ನಡಕದ ಮೇಲೆ ಜಾರುತ್ತದೆ. ಕಾಲಿಗೆ ಬೀಳುವ ಸಾಲು ಇಪ್ಪತ್ತು ನಿಮಿಷಕ್ಕೆ ಮುಗಿಯಬೇಕು. ಕೆಮ್ಮು, ನೆಗಡಿ ಇರುವವರು ದೂರದಿಂದಲೇ ಕೈ ಮುಗಿಯಲಿ.

ಇನ್ನೊಂದು ಕೆಲಸ ಮಾಡಿ. ಅವರ ಕೈಯಿಂದ ಏನಾದರೂ ಕೊಡಿಸಿ. ಈ ವಯಸ್ಸಿನಲ್ಲಿ ದಿನವೆಲ್ಲ ಬೇರೆಯವರಿಂದ ಪಡೆಯುವುದೇ ಆಗಿರುತ್ತದೆ. ಮಾತ್ರೆ, ನೀರು, ಊರುಗೋಲು ಎಲ್ಲವನ್ನೂ ಯಾರೋ ಕೊಡುತ್ತಾರೆ. ಅವತ್ತು ಕೊಡುವ ಕೈ ಅವರದಾಗಲಿ. ನಮ್ಮ ಅಜ್ಜಿ ಹಿತ್ತಲಿನಲ್ಲಿ ಬೆಳೆದ ಅವರೆಕಾಯಿಯ ಬೀಜಗಳನ್ನು ಸಣ್ಣ ಪೊಟ್ಟಣ ಕಟ್ಟಿ, ಎಲೆ ಅಡಿಕೆಯ ಜೊತೆ ಪ್ರತಿಯೊಬ್ಬರಿಗೂ ಕೊಟ್ಟರು. ಪೊಟ್ಟಣದ ಮೇಲೆ ಅವರದ್ದೇ ಅಕ್ಷರದಲ್ಲಿ ‘ಮೇ ತಿಂಗಳಲ್ಲಿ ಹಾಕಿ’ ಅಂತ ಬರೆದಿತ್ತು. ನೂರಿಪ್ಪತ್ತು ಪೊಟ್ಟಣ ಬರೆಯಲು ಅವರಿಗೆ ಮೂರು ವಾರ ಹಿಡಿಯಿತು. ಆ ಮೂರು ವಾರ ಅವರು ತುಂಬ ಗೆಲುವಾಗಿದ್ದರು ಅಂತ ಮಗಳು ಹೇಳಿದರು.

ಹಂತ 10: ಮರುವಾರ

ಹಬ್ಬದ ಮಾರನೇ ದಿನ ಮನೆ ಖಾಲಿಯಾಗುತ್ತದೆ. ಮಕ್ಕಳು ವಿಮಾನ ಹತ್ತುತ್ತಾರೆ, ಹಾರ ಬಾಡುತ್ತದೆ. ಆ ವಾರದಲ್ಲಿ ಯಾರಾದರೂ ಒಬ್ಬರು ಹೋಗಿ ಬರಬೇಕು. ಇದನ್ನೂ ಮೊದಲೇ ಒಬ್ಬರಿಗೆ ವಹಿಸಿ. ಫೋಟೋಗಳನ್ನು ಲಿಂಕ್ ಕಳಿಸಿ ಬಿಡಬೇಡಿ, ಅಚ್ಚು ಹಾಕಿಸಿ ಕೈಗೆ ಕೊಡಿ. ಹಿಂದೆ ಹೆಸರು ಬರೆದಿರಲಿ. ಕೂತು ಒಂದು ಲೋಟ ಕಾಫಿ ಕುಡಿದು ಬನ್ನಿ.

ಆ ಟ್ಯಾಬ್ಲೆಟ್ ಇದೆಯಲ್ಲ, ಅದನ್ನು ಅಲ್ಲೇ ಬಿಟ್ಟು ಬನ್ನಿ. ಮೊದಲ ಪರದೆಯಲ್ಲಿ ಗೆಳತಿಯ ಮುಖದ ಒಂದೇ ಒಂದು ದೊಡ್ಡ ಚಿತ್ರ ಇಟ್ಟು, ಮುಟ್ಟಿದರೆ ಕರೆ ಹೋಗುವಂತೆ ಮಾಡಿ. ಎರಡು ಮೂರು ಸಲ ಅವರಿಂದಲೇ ಮಾಡಿಸಿ ನೋಡಿ. ಊರಿನ ಕಡೆಯ ಮೊಮ್ಮಗನಿಗೆ ಹೊತ್ತು ತಿಳಿಸಿ. ನಮ್ಮ ಅಜ್ಜಿಯದು ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಆ ಹೊತ್ತಿನಲ್ಲಿ ನಾವ್ಯಾರೂ ಅವರಿಗೆ ಫೋನ್ ಮಾಡುವುದಿಲ್ಲ.